ಮೂಗಿಗಿಂತ ಮೂಗುತಿ ಭಾರ

ನನ್ನ ಚಿಕ್ಕಮ್ಮನ ಮಗ ದುಬೈಯಲ್ಲಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಹನ್ನೊಂದಕ್ಕೆ ಅವನ ಫೋನು. "ಅಕ್ಕ, ಅಜ್ಜನ ಪದ್ಮಿನಿಗೆ ಟರ್ಬೊ ಹಾಕಿಸುವ ಅಂತ ಉಂಟು. ಬೆಂಗಳೂರಿನ ಒಬ್ಬರ ಹತ್ತಿರ ಮಾತಾಡಿದ್ದೇನೆ, ನಾಲ್ಕು ಲಕ್ಷದೊಳಗೆ ಮುಗೀತದಂತೆ. ನೀನು ಗಾಡಿಯನ್ನು ಲಾರಿಗೆ ಹತ್ತಿಸಿ ಕಳಿಸಿದರೆ ಸಾಕು." ಅಜ್ಜನಿಗೆ ಉಡುಗೊರೆ ಕೊಡುವವನ ಸಂಭ್ರಮ ಅವನ ದನಿಯಲ್ಲಿತ್ತು. ನಾನು "ನೋಡುವ" ಎಂದು ಫೋನ್ ಇಟ್ಟೆ. ನಮ್ಮ ಊರಿನಲ್ಲಿ "ನೋಡುವ" ಎಂದರೆ ಹೆಚ್ಚಾಗಿ "ಬೇಡ" ಎಂದೇ ಅರ್ಥ. ಆ "ಬೇಡ"ವನ್ನು ಕಾರಣ ಸಮೇತ ಬಿಡಿಸಿ ಹೇಳುವ ಸಾಲ ನನ್ನ ಮೇಲಿದೆ.

ಇದು ನಮ್ಮ ಮನೆಯೊಂದರ ಮಾತಾಗಿದ್ದರೆ ಫೋನಿನಲ್ಲೇ ಮುಗಿಸುತ್ತಿದ್ದೆ. ಆದರೆ ಹಳೆಯ ಫಿಯಟ್, ಅಂಬಾಸಿಡರ್, ಕಾಂಟೆಸ್ಸಾ, ಮೊದಲ ತಲೆಮಾರಿನ ಮಾರುತಿ 800, ಇವುಗಳ ಬಾನೆಟ್ಟಿನಡಿ ಟರ್ಬೊ ಕೂರಿಸಿ, ಅದರ ಶಿಳ್ಳೆಯನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದು ಈಗ ಒಂದು ಗೀಳಾಗಿದೆ. "ಹಳೆಯ ಕಾರಿಗೆ ಹೊಸ ಜೀವ" ಎಂಬ ಒಕ್ಕಣೆ ಬೇರೆ. ನನ್ನ ಜಗಳ ಆ ಒಕ್ಕಣೆಯ ಜೊತೆ. ಇದ್ದ ಜೀವವನ್ನು ಹೊರಗೆ ಹಾಕದೆ ಹೊಸತನ್ನು ತುಂಬಲು ಆ ಎಂಜಿನ್ನಿನಲ್ಲಿ ಜಾಗವೇ ಇಲ್ಲ.

ಪದ್ಮಿನಿಯ ಕುಲಗೋತ್ರ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಟಲಿಯ ಫಿಯಟ್ 1100ನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿ ತಯಾರಿಸುತ್ತಿತ್ತು. 1964ರ ಹೊತ್ತಿಗೆ ಬಂದ 'ಡಿಲೈಟ್' ಮಾದರಿ ಎಪ್ಪತ್ತರ ದಶಕದಲ್ಲಿ 'ಪ್ರೆಸಿಡೆಂಟ್' ಆಗಿ, ಬಳಿಕ 'ಪದ್ಮಿನಿ' ಆಯಿತು. ನಾಲ್ಕು ಸಿಲಿಂಡರ್, 1089 ಸಿಸಿ, ಸುಮಾರು 40 ಅಶ್ವಶಕ್ತಿ. ಸ್ಟಿಯರಿಂಗ್ ಪಕ್ಕದಲ್ಲೇ ಗಿಯರಿನ ಕೋಲು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಪಟ್ಟಿ ಸ್ಪ್ರಿಂಗು. ಮುಂಬೈಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ ಪೂರ್ತಿ ಮರೆಯಾದದ್ದು 2023ರ ಅಕ್ಟೋಬರ್ ಕೊನೆಗೆ. ಅಂದರೆ ನಲವತ್ತು ಅಶ್ವಶಕ್ತಿಯ ಈ ಕಾರು ದೇಶದ ಅತಿ ಗದ್ದಲದ ಊರಿನಲ್ಲಿ ಅರ್ಧ ಶತಮಾನದಷ್ಟು ಕಾಲ ದುಡಿದಿದೆ.

ನಮ್ಮ ಅಜ್ಜ 1978ರಲ್ಲಿ ಹೊಸ ಪದ್ಮಿನಿ ಕೊಂಡದ್ದು ಬಾಡಿಗೆಗೆ. ಹಂಪನಕಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಮದುವೆ ದಿಬ್ಬಣ, ಹೆರಿಗೆ ನೋವು, ಧರ್ಮಸ್ಥಳಕ್ಕೆ ಹರಕೆ, ಬಂದರಿಗೆ ಬಂದಿಳಿದವರ ಪೆಟ್ಟಿಗೆ, ಎಲ್ಲವನ್ನೂ ಆ ಕಾರು ಹೊತ್ತಿದೆ. ಚಾರ್ಮಾಡಿ ಇಳಿಯುವಾಗ ಅಜ್ಜನದು ಒಂದೇ ನಿಯಮ: ಯಾವ ಗಿಯರಿನಲ್ಲಿ ಹತ್ತಿದೆಯೋ ಅದೇ ಗಿಯರಿನಲ್ಲಿ ಇಳಿ. ಡ್ರಮ್ ಬ್ರೇಕನ್ನು ಒತ್ತುತ್ತಲೇ ಇಳಿದರೆ ಅದು ಕಾದು, ಕೊನೆಯ ತಿರುವಿನಲ್ಲಿ ಕೈ ಕೊಡುತ್ತದೆ ಎಂಬುದು ಅವರಿಗೆ ಯಾರೂ ಪಾಠ ಮಾಡದೆ ಗೊತ್ತಿತ್ತು. ಆ ಕಾರಿನ ಶಕ್ತಿ, ಬ್ರೇಕು, ಗಿಯರು, ಓಡಿಸುವವನ ಕಾಲು, ಇವೆಲ್ಲ ಒಂದಕ್ಕೊಂದು ತೂಕವಾಗಿ ಕೂತಿದ್ದವು. ಕೊನೆಗಾಲದಲ್ಲಿ ಅಜ್ಜ ಅದನ್ನು ಬಾಡಿಗೆಯಿಂದ ತೆಗೆದು ಸ್ವಂತಕ್ಕೆ ಮಾಡಿಸಿದರು. ಈಗ ಜಪ್ಪುವಿನ ಮನೆಯಂಗಳದಲ್ಲಿ ಶೀಟಿನ ಮಾಡಿನಡಿ ನಿಂತಿದೆ. ವಾರಕ್ಕೊಮ್ಮೆ ನಾನು ಸ್ಟಾರ್ಟ್ ಮಾಡುತ್ತೇನೆ.

ಇನ್ನು ಟರ್ಬೊ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತಳ್ಳುತ್ತದೆ. ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವುದುಂಟು. ಒಳಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಹೆಚ್ಚು ಶಕ್ತಿ ಬರುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದ ಕೆಲಸ ತೆಗೆಯುವ ಈ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅದರ ಜಾಣತನದ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಲೆಕ್ಕದ್ದು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ಮತ್ತು ಒತ್ತಡ ಸೇರಿದರೆ ಸಿಲಿಂಡರಿನೊಳಗೆ ಪೆಟ್ರೋಲು ಹೇಳಿದ ಹೊತ್ತಿಗೆ, ಹೇಳಿದ ರೀತಿಯಲ್ಲಿ ಉರಿಯುವುದಿಲ್ಲ, ಸಿಡಿಯುತ್ತದೆ. ಗ್ಯಾರೇಜಿನವರು ಇದನ್ನು 'ನಾಕಿಂಗ್' ಎನ್ನುತ್ತಾರೆ. ಹೆಚ್ಚು ಹೊತ್ತು ಹಾಗೆ ಬಡಿದುಕೊಂಡರೆ ಪಿಸ್ಟನ್ನಿನ ತಲೆ ತೂತಾಗುವುದೂ ಉಂಟು. ಹಳೆಯ ಎಂಜಿನ್ನುಗಳ ಕಂಪ್ರೆಶನ್ ಕಡಿಮೆ, ಆದ್ದರಿಂದ ಅವು ಟರ್ಬೊಗೆ ಹೇಳಿ ಮಾಡಿಸಿದಂತಿವೆ ಎಂದು ಟರ್ಬೊ ಭಕ್ತರು ಹೇಳುತ್ತಾರೆ. ಅರ್ಧ ಸತ್ಯ. ನಾಕಿಂಗಿನ ಭಯ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಉಳಿದ ಭಾರವನ್ನು ಹೊರುವವರು ಯಾರು?

ಅಜ್ಜನ ಕಾರನ್ನು ಮೂವತ್ತು ವರ್ಷದಿಂದ ನೋಡಿಕೊಂಡ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ನಾವು ಮೇಸ್ತ್ರಿ ಎಂದೇ ಕರೆಯುವುದು. ಅವರ ಬಳಿ ಹೋಗಿ ಟರ್ಬೊ ಮಾತೆತ್ತಿದೆ. ಅವರು ಬಯ್ಯಲಿಲ್ಲ, ಬೆರಳು ಮಡಚುತ್ತಾ ಹೋದರು.

"ಟರ್ಬೊಗೆ ಆಯಿಲ್ ಬೇಕಲ್ಲ, ಲೈನ್ ಎಳೀಬೇಕು. ವಾಪಸ್ ಬರ್ಲಿಕ್ಕೆ ಚೇಂಬರಿಗೆ ತೂತು ಕೊರೀಬೇಕು. ಇದರದ್ದು ಅಲ್ಯುಮಿನಿಯಂ ಹೆಡ್ಡು, ಕೆಳಗಿನ ಬ್ಲಾಕ್ ಬೀಡಿನದ್ದು. ಕಾದರೆ ಹೆಡ್ಡು ಬೆಂಡಾಗ್ತದೆ, ಗ್ಯಾಸ್ಕೆಟ್ ಹೋಗ್ತದೆ. ಹಾಗಾಗಿ ಬೇರೆ ಗ್ಯಾಸ್ಕೆಟ್, ಬೇರೆ ಬೋಲ್ಟು. ಪಿಸ್ಟನ್ನು, ಕನೆಕ್ಟಿಂಗ್ ರಾಡು ಬೇರೆ. ಕ್ರಾಂಕಿಗೆ ಇರುವುದೇ ಮೂರು ಬೇರಿಂಗು. ರೇಡಿಯೇಟರ್ ಸಾಲದು. ಕಾರ್ಬ್ಯುರೇಟರ್ ತೆಗೆದು ಇಂಜೆಕ್ಷನ್, ಅದಕ್ಕೆ ಕಂಪ್ಯೂಟರ್. ಕ್ಲಚ್ಚು ಜಾರ್ತದೆ. ಗಿಯರ್‌ಬಾಕ್ಸ್ ತಾಳುದಿಲ್ಲ. ಕ್ರೌನ್ ಪಿನಿಯನ್ ಹಲ್ಲು ಉದುರ್ತದೆ. ಇಷ್ಟೆಲ್ಲ ಮಾಡಿ ಓಡಿಸಿದರೆ ಬ್ರೇಕು?"

ಎರಡೂ ಕೈಯ ಬೆರಳು ಮುಗಿದಿದ್ದವು. "ಮತ್ತೆ ಎಂತ ಉಳೀತು ಹೇಳು? ಡೋರು, ಡಿಕ್ಕಿ."

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಲ್ಲಿ ಮೂಗುತಿಯನ್ನು ಹೊರಲೆಂದು ಮೂಗನ್ನೇ ಕೊಯ್ದು ಬೇರೆ ಮೂಗು ಕೂರಿಸಬೇಕು.

ಇದು ಹಳ್ಳಿಗನ ಹೆದರಿಕೆ, ದೊಡ್ಡ ದೊಡ್ಡ ಕಂಪೆನಿಗಳೇ ಹಳೆಯ ಎಂಜಿನ್ನಿಗೆ ಟರ್ಬೊ ಹಾಕಿಲ್ಲವೇ ಎಂದು ತಮ್ಮ ಕೇಳಿದ. ಹಾಕಿವೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ 'ಜೆಟ್‌ಫೈರ್' ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪ್ರತ್ಯೇಕ ಡಬ್ಬಿಯಲ್ಲಿ ತುಂಬಬೇಕಿತ್ತು. ಬಹಳ ಮಂದಿ ತುಂಬಲು ಮರೆತರು. ಕಾಟ ಹೆಚ್ಚಾಗಿ, ಎಷ್ಟೋ ಕಾರುಗಳ ಟರ್ಬೊವನ್ನು ಡೀಲರುಗಳೇ ಬಿಚ್ಚಿ ಸಾಧಾರಣ ಕಾರ್ಬ್ಯುರೇಟರ್ ಹಾಕಿ ಕಳಿಸಿದರು. ಇಂಗ್ಲೆಂಡಿನಲ್ಲಿ 1982ರ ಸುಮಾರಿಗೆ 'ಎಂಜಿ ಮೆಟ್ರೊ ಟರ್ಬೊ' ಬಂತು. ಅದರೊಳಗಿದ್ದದ್ದು ಐವತ್ತರ ದಶಕದಿಂದ ಬಂದ ಎ-ಸೀರೀಸ್ ಎಂಜಿನ್, ನಮ್ಮ ಪದ್ಮಿನಿಯದರಂತೆ ಮೂರೇ ಬೇರಿಂಗಿನದು. ಲೋಟಸ್ ಕಂಪೆನಿಯ ಎಂಜಿನಿಯರುಗಳು ಕೈ ಹಚ್ಚಿದರು, ವಾಲ್ವುಗಳನ್ನು ಬದಲಿಸಿದರು. ಇಷ್ಟಾದ ಮೇಲೂ ಗಿಯರ್‌ಬಾಕ್ಸ್ ತಾಳಲಾರದೆಂದು ಟರ್ಬೊವಿನ ಒತ್ತಡಕ್ಕೆ ಕಡಿವಾಣ ಹಾಕಬೇಕಾಯಿತು. ಕಾರ್ಖಾನೆ, ಪ್ರಯೋಗಶಾಲೆ, ಪರೀಕ್ಷೆಯ ಓಟ ಎಲ್ಲ ಇದ್ದವರು ಇಷ್ಟು ಹೆದರಿ ಹೆದರಿ ಮಾಡಿದ್ದನ್ನು ನಾಲ್ಕು ಲಕ್ಷದಲ್ಲಿ ಒಂದೂವರೆ ತಿಂಗಳಲ್ಲಿ ಮುಗಿಸುತ್ತೇವೆ ಎನ್ನುವವರ ಮಾತನ್ನು ನಾನು ನಂಬಬೇಕೇ?

ಟರ್ಬೊ ಮೊದಲು ಹೆಸರು ಮಾಡಿದ್ದು ವಿಮಾನಗಳಲ್ಲಿ ಎಂಬುದನ್ನೂ ನೆನಪಿಡಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಆ ಕೊರತೆ ತುಂಬಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಪೈಕ್ಸ್ ಪೀಕ್ ಎಂಬ ನಾಲ್ಕು ಸಾವಿರ ಮೀಟರ್ ಮೀರಿದ ಬೆಟ್ಟದ ತುದಿಗೆ ವಿಮಾನದ ಎಂಜಿನ್ ಹೊತ್ತೊಯ್ದು ಟರ್ಬೊ ಪರೀಕ್ಷೆ ಮಾಡಿದ. ನಾವಿರುವುದು ಮಂಗಳೂರಿನಲ್ಲಿ, ಸಮುದ್ರದ ಮಟ್ಟದಲ್ಲಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದರೂ ಸಾವಿರ ಮೀಟರಿನ ಆಸುಪಾಸು, ಗಾಳಿ ಶೇಕಡಾ ಹತ್ತರಷ್ಟು ತೆಳುವಾದೀತು. ಇನ್ನು ಊರಿನೊಳಗೆ ಈ ಹೆಚ್ಚಿನ ಶಕ್ತಿಯನ್ನು ಎಲ್ಲಿ ಬಳಸುವುದು? ನಂತೂರಿನಲ್ಲಿ ಸಿಗ್ನಲಿಗೆ ಕಾಯುವಾಗಲೋ, ಪಂಪ್‌ವೆಲ್ಲಿನಲ್ಲಿ ಮಳೆನೀರು ನಿಂತಾಗಲೋ? ನೂರು ಅಶ್ವಶಕ್ತಿಯೇ ಬೇಕೆಂದಿದ್ದರೆ ಈಗಿನ ಒಂದು ಲೀಟರಿನ ಟರ್ಬೊ ಕಾರುಗಳು ಅಷ್ಟನ್ನು ಶೋರೂಮಿನಿಂದಲೇ ಕೊಡುತ್ತವೆ, ಅದಕ್ಕೆ ತಕ್ಕ ಬ್ರೇಕಿನ ಜೊತೆಗೆ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ನನಗೆ ನಿಜಕ್ಕೂ ಕಷ್ಟ ಕೊಟ್ಟ ಪ್ರಶ್ನೆಯನ್ನು ತಮ್ಮ ಎರಡನೆಯ ಫೋನಿನಲ್ಲಿ ಕೇಳಿದ. "ಅಜ್ಜ ಆ ಕಾರಿಗೆ ಎಂತೆಂತ ಮಾಡಿರಲಿಲ್ಲ? ಲಾರಿಯ ಹಾರ್ನು, ಅಂಬಾಸಿಡರಿನ ಸೀಟು, ಬೇರೆ ಯಾವುದೋ ಗಾಡಿಯ ಡೈನಮೊ. ಆಗ ಯಾರೂ ಮೂಲ ರೂಪ ಅಂತ ಅತ್ತಿರಲಿಲ್ಲ. ದುಡಿಯುವವ ಮಾಡಿದರೆ ಜಾಣತನ, ನಾನು ಮಾಡಿದರೆ ಅಪಚಾರವಾ?"

ಅವನ ಮಾತಿನಲ್ಲಿ ನ್ಯಾಯವಿದೆ. ಕರಾವಳಿಯಲ್ಲಿ ಮೂಲ ರೂಪದಲ್ಲೇ ಉಳಿದ ಹಳೆಯ ಗಾಡಿ ಅಪರೂಪ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ಮಲೆನಾಡಿನ ತೋಟದ ದಾರಿಯಲ್ಲಿ ಬಾಡಿಗೆ ಹೊಡೆದವರೆಷ್ಟೋ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂಬದಿಗೆ ಒಲೆಯಂಥ ಗ್ಯಾಸ್ ಪ್ಲಾಂಟ್ ಕಟ್ಟಿ, ಇದ್ದಿಲಿನ ಹೊಗೆಯಿಂದ ಎಂಜಿನ್ ಓಡಿಸಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು ಎಂದು ಅಜ್ಜ ತಮ್ಮ ಅಪ್ಪನಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಮುಟ್ಟಲೇಬಾರದು ಎಂಬ ಮಡಿವಂತಿಕೆ ನನ್ನದಾಗಿದ್ದರೆ ಈ ಇಡೀ ಪರಂಪರೆಯನ್ನೇ ನಾನು ತಪ್ಪೆನ್ನಬೇಕಾಗುತ್ತದೆ.

ಆದರೆ ಇದ್ದಿಲ ಬಸ್ಸನ್ನೇ ಸರಿಯಾಗಿ ನೋಡಿ. ಗ್ಯಾಸ್ ಪ್ಲಾಂಟನ್ನು ಬೋಲ್ಟು ಹಾಕಿ ಕಟ್ಟಿದರು. ಯುದ್ಧ ಮುಗಿದು ಪೆಟ್ರೋಲು ಬಂದಾಗ ಬಿಚ್ಚಿ ಎಸೆದರು. ಬಸ್ಸು ಮೊದಲಿನ ಬಸ್ಸೇ ಆಯಿತು. ಅಜ್ಜನ ಲಾರಿ ಹಾರ್ನು ಬಿಚ್ಚಲು ಎರಡು ಸ್ಕ್ರೂ ಸಾಕು. ಡೀಸೆಲ್ ಜೀಪಿನ ಕಥೆ ಬೇರೆ, ಅಲ್ಲಿ ಎಂಜಿನ್ನೇ ಹೋಯಿತು. ಆದರೆ ಆ ಮನೆಯ ಅಕ್ಕಿ ಆ ಜೀಪಿನಿಂದ ಬರಬೇಕಿತ್ತು. ಜೀಪು ನಿಂತರೆ ಒಲೆ ನಿಲ್ಲುತ್ತಿತ್ತು. ನನ್ನ ಅಳತೆಗೋಲು ಎರಡೇ ಪ್ರಶ್ನೆಯದು: ಈ ಬದಲಾವಣೆ ಇಲ್ಲದಿದ್ದರೆ ಗಾಡಿ ನಿಂತೇ ಹೋಗುತ್ತದೆಯೇ? ನಾಳೆ ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದೇ? ಒಂದಕ್ಕಾದರೂ ಹೌದು ಎಂಬ ಉತ್ತರವಿದ್ದರೆ ಮಾಡಿ. ನಮ್ಮ ಪದ್ಮಿನಿ ಈಗಲೂ ಓಡುತ್ತದೆ. ಕೊರೆದ ಬ್ಲಾಕನ್ನು ಮತ್ತೆ ಮುಚ್ಚಲಾಗುವುದಿಲ್ಲ. ಟರ್ಬೊಗೆ ಎರಡೂ ಕಡೆ ಇಲ್ಲ ಎಂಬ ಉತ್ತರವೇ.

ನನ್ನ ಸಂಶೋಧನೆ ಗ್ರಂಥ ಸಂಪಾದನೆಯ ಮೇಲೆ. ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. ಇದೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಮುಕ್ಕಾಲು ಶತಮಾನದ ಬಳಿಕ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಬೆಳೆಸಿ, ನಾಲ್ಕು ಸಂಪುಟ ಮಾಡಿದರು. ಯಾರಿಗೂ ನಷ್ಟವಾಗಲಿಲ್ಲ, ಏಕೆಂದರೆ 1894ರ ಪ್ರತಿಗಳು ಕಪಾಟಿನಲ್ಲಿ ಹಾಗೇ ಇದ್ದವು. ಅನುಮಾನ ಬಂದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಓಲೆಗರಿ ಹಾಗಲ್ಲ. ಅಲ್ಲೊಂದು ಅಕ್ಷರ ಹೆರೆದು ಬೇರೆ ಬರೆದರೆ, ಹಿಂದೆ ಏನಿತ್ತೆಂದು ಕೇಳಲು ಯಾರೂ ಉಳಿಯುವುದಿಲ್ಲ. ಹೆರೆದವನಿಗೆ ಯಾವಾಗಲೂ ತಾನು ತಿದ್ದುತ್ತಿದ್ದೇನೆ ಎಂದೇ ಅನ್ನಿಸಿರುತ್ತದೆ. 1978ರ ಪದ್ಮಿನಿ ಅಚ್ಚಾದ ಕಾಲಕ್ಕೆ ಸಾವಿರದಲ್ಲೊಂದು ಪ್ರತಿ. ಈಗ ಉಳಿದಿರುವುದು ಓಲೆಗರಿಯಷ್ಟೇ ವಿರಳ.

"ನನ್ನ ಸೊತ್ತು, ನನ್ನ ದುಡ್ಡು" ಎನ್ನುವವರಿಗೆ ಕಾನೂನು ಬೇರೆ ಉತ್ತರ ಕೊಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಬಾನೆಟ್ಟಿನ ಕೆಳಗೇ.

ಇನ್ನೊಂದು ನಿಯಮ ನಮ್ಮ ಕಾರಿಗೇ ಬರೆದಂತಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂಥ ವಾಹನಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟು, ಹತ್ತು ವರ್ಷದ ನೋಂದಣಿ. ದಿನನಿತ್ಯದ ಓಡಾಟಕ್ಕಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ರಸ್ತೆಗಿಳಿಸಬಹುದು. ಅಜ್ಜನ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಇಷ್ಟು ವರ್ಷ ಕಾದು ಬಾಗಿಲಿನವರೆಗೆ ಬಂದ ಕಾರನ್ನು, ಒಳಗೆ ಕಾಲಿಡುವ ಮೊದಲೇ ನಾವೇ ಅನರ್ಹಗೊಳಿಸಲು ಹೊರಟಿದ್ದೇವೆ.

"ಹಾಗಾದರೆ ಮ್ಯೂಸಿಯಮ್ಮಿನಲ್ಲಿ ಇಡು" ಎಂಬ ವ್ಯಂಗ್ಯವೂ ಬಂತು. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ಶಾಲೆಯ ಪ್ರವಾಸದಲ್ಲಿ ನೋಡದ ದಕ್ಷಿಣ ಕನ್ನಡದ ಮಕ್ಕಳು ಕಡಿಮೆ. ಅಲ್ಲಿನ ಕಾರುಗಳ ಮುಂದೆ ನಾವು ಬಾಯಿ ಬಿಟ್ಟು ನಿಂತದ್ದು ಅವು ವೇಗವಾಗಿವೆ ಎಂದಲ್ಲ, ಆ ಕಾಲದವರು ಹೀಗೆ ಯೋಚಿಸಿದ್ದರು ಎಂಬ ಬೆರಗಿಗೆ. ನಾನು ಕಾರನ್ನು ಗಾಜಿನ ಹಿಂದೆ ಇಡು ಎನ್ನುತ್ತಿಲ್ಲ, ಓಡಿಸು ಎನ್ನುತ್ತಿದ್ದೇನೆ. ನಲವತ್ತು ಅಶ್ವಶಕ್ತಿಯ ಕಾರನ್ನು ನಲವತ್ತರದ್ದಾಗಿಯೇ ಓಡಿಸಿದರೆ, ಏರು ಬರುವ ಮೊದಲೇ ಗಿಯರು ಇಳಿಸುವ, ಇಳಿಜಾರಿನಲ್ಲಿ ಬ್ರೇಕನ್ನು ಉಳಿಸಿಕೊಳ್ಳುವ ಅಜ್ಜನ ವಿದ್ಯೆ ಕೈಗೆ ಬರುತ್ತದೆ. ಟರ್ಬೊ ಆ ವಿದ್ಯೆಯ ಅಗತ್ಯವನ್ನೇ ತೆಗೆದುಹಾಕುತ್ತದೆ, ಅದನ್ನೇ ಲಾಭವೆಂದು ಮಾರುತ್ತದೆ.

ನಮ್ಮ ಊರಿಗೆ ಈ ಚಟ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಂದರೆ ಮಳೆಯನ್ನು ಜಾರಿಸುವ, ಬಿಸಿಗಾಳಿಯನ್ನು ಸಂದಿಯಿಂದ ಬಿಟ್ಟುಕೊಡುವ ಮಾಡು ಎಂದಾಯಿತು. ಈಗ ಇಳಿಜಾರಾಗಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿ, ಅದರ ಮೇಲೆ ಹಂಚು ಅಂಟಿಸಿ, ಸಾಂಪ್ರದಾಯಿಕ ಮನೆ ಎನ್ನುತ್ತೇವೆ. ಹಂಚಿಗೆ ಕೆಲಸವಿಲ್ಲ, ಬಣ್ಣ ಮಾತ್ರ. ಟರ್ಬೊ ಪದ್ಮಿನಿ ಅಂಥ ಒಂದು ಮನೆ.

ನಾಲ್ಕು ಲಕ್ಷಕ್ಕೆ ನನ್ನ ಬಳಿ ಬೇರೆ ಪಟ್ಟಿ ಇದೆ. ರೇಡಿಯೇಟರ್ ಬಿಚ್ಚಿ ತೊಳೆಸಿ ಹೊಸ ಕೋರ್ ಹಾಕಿಸುವುದು. ಕಾರ್ಬ್ಯುರೇಟರ್ ಓವರ್‌ಹಾಲ್. ನಾಲ್ಕೂ ಚಕ್ರದ ಬ್ರೇಕ್ ಲೈನಿಂಗು, ಸಿಲಿಂಡರುಗಳ ರಬ್ಬರು. ವಯರಿಂಗ್ ಪೂರ್ತಿ ಹೊಸದು. ಸೀಟ್ ಬೆಲ್ಟು. ಬೇಕಿದ್ದರೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹಳೆಯ ಪಾಯಿಂಟನ್ನು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡುವ ಷರತ್ತಿನ ಮೇಲೆ. ಕೆಳಗಿನ ತುಕ್ಕಿಗೆ ತಗಡು. ಇಷ್ಟಾದರೂ ಅರ್ಧ ದುಡ್ಡು ಮಿಕ್ಕೀತು.

ಮಿಕ್ಕದ್ದನ್ನು ಮೇಸ್ತ್ರಿಗೆ ಕೊಡಬೇಕು. ಆರು ತಿಂಗಳು ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸಿ ಎಂದು ಕೇಳಿಕೊಂಡು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಯಾವ ವಾಲ್ವು ಸಡಿಲವಾಗಿದೆ ಎಂದು ಹೇಳಬಲ್ಲವರು ಈ ಊರಿನಲ್ಲಿ ಇನ್ನೆಷ್ಟು ಮಂದಿ ಇದ್ದಾರೆ? ಅವರ ಗ್ಯಾರೇಜಿನಲ್ಲಿ ಈಗ ಹೆಚ್ಚಾಗಿ ಸ್ಕೂಟರಿನ ಪಂಕ್ಚರ್ ಕೆಲಸ. ಹಳೆಯ ಕಾರಿನ ಮೇಲೆ ಪ್ರೀತಿಯಿದೆ ಎನ್ನುವ ನಾವು ಬಿಡಿಭಾಗಗಳನ್ನು ಹೊರದೇಶದಿಂದ ತರಿಸುತ್ತೇವೆ, ಕಾರನ್ನು ಬೆಂಗಳೂರಿಗೆ ಲಾರಿ ಹತ್ತಿಸುತ್ತೇವೆ, ಅದನ್ನು ಮೂವತ್ತು ವರ್ಷ ಬದುಕಿಸಿದವರನ್ನು ಒಂದು ಮಾತು ಕೇಳುವುದಿಲ್ಲ. ಈ ಜಗಳದಲ್ಲಿ ನನಗೆ ಹೆಚ್ಚು ನೋವಾದದ್ದು ಇಲ್ಲೇ.

ತಮ್ಮಾ, ನೀನು ಡಿಸೆಂಬರಿನಲ್ಲಿ ಬರುತ್ತೀಯಲ್ಲ, ಅಲ್ಲಿಯವರೆಗೆ ಲಾರಿ ಬರುವುದು ಬೇಡ. ಬಂದ ಮರುದಿನ ಬೆಳಿಗ್ಗೆ ಐದಕ್ಕೆ ನಾವಿಬ್ಬರೂ ಮೇಸ್ತ್ರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಾರ್ಮಾಡಿ ಹತ್ತುವ. ಓಡಿಸುವವ ನೀನೇ. ಹತ್ತಿದ ಗಿಯರಿನಲ್ಲೇ ಇಳಿಸು. ಕೆಳಗೆ ಬಂದು ಚಹಾ ಕುಡಿಯುವಾಗಲೂ ನಿನಗೆ ಟರ್ಬೊ ಬೇಕೆನಿಸಿದರೆ ಆಮೇಲೆ ಮಾತಾಡುವ. ಅಷ್ಟರವರೆಗೆ ಕಾರಿನ ಕೀ ನನ್ನ ಹತ್ತಿರ ಉಂಟು.